ಕೊಂಡಿ ಕೊಳ್ಳಬಹುದು, ವಿಶ್ವಾಸವನ್ನಲ್ಲ

ಟಿ. ದಾಸರಹಳ್ಳಿ, ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಹಿಂದೆ ಗಿರಾಕಿಗಳು ಬರುತ್ತಿದ್ದುದು ಬಹುಮಟ್ಟಿಗೆ ಪರಿಚಯಸ್ಥರ ಮೂಲಕ. ಇಂದು ಪುಣೆಯ ಖರೀದಿದಾರ ಮೊದಲು ಗೂಗಲ್‌ನಲ್ಲಿ ಹುಡುಕುತ್ತಾನೆ. ಮೊದಲ ಪುಟದಲ್ಲಿ ಕಾಣದ ಘಟಕ ಅವನ ಪಾಲಿಗೆ ಇಲ್ಲದಂತೆಯೇ. ಈ ಆತಂಕವೇ ಕೆಲವರಿಗೆ ಬಂಡವಾಳ. ಇಂತಿಷ್ಟು ಹಣಕ್ಕೆ ನಿಮ್ಮ ಜಾಲತಾಣಕ್ಕೆ ಸಾವಿರ ಕೊಂಡಿಗಳನ್ನು ಒದಗಿಸುತ್ತೇವೆ ಎಂಬುದು ಅವರ ಆಮಿಷ.

ಕೊಂಡಿಗೆ ಬೆಲೆ ಬಂದುದೇಕೆ? ಸ್ಟಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ಮಂಡಿಸಿದ ‘ಪೇಜ್‌ರ‍್ಯಾಂಕ್’ ವಿಧಾನವು ಒಂದು ತಾಣ ಮತ್ತೊಂದಕ್ಕೆ ನೀಡುವ ಕೊಂಡಿಯನ್ನು ಶಿಫಾರಸು ಎಂದು ಪರಿಗಣಿಸಿತು. ಶಿಫಾರಸು ಮಾಡುವವರ ಯೋಗ್ಯತೆಯನ್ನೂ ತೂಗಿತು. ನಮ್ಮದೇ ಪುಟಗಳನ್ನು ಬೆಸೆಯುವ ಒಳಕೊಂಡಿ ಓದುಗನಿಗೆ ದಾರಿ ತೋರುತ್ತದೆ. ನಾವು ಅನ್ಯರಿಗೆ ನೀಡುವ ಹೊರಕೊಂಡಿ ನಮ್ಮ ಮಾತಿಗೆ ಆಧಾರ ಒದಗಿಸುತ್ತದೆ. ಅನ್ಯರು ನಮಗೆ ನೀಡುವ ಕೊಂಡಿ ಮಾತ್ರ ಸಾಕ್ಷ್ಯ. ಮಾರಾಟವಾಗುತ್ತಿರುವುದು ಈ ಮೂರನೆಯದು.

ಸಾಕ್ಷ್ಯ ಮಾರಾಟವಾದರೆ ನ್ಯಾಯಾಲಯ ಎಚ್ಚೆತ್ತುಕೊಳ್ಳಲೇಬೇಕು. 2005ರಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಸಂಸ್ಥೆಗಳು ‘ನೋಫಾಲೋ’ ಗುರುತನ್ನು ಒಪ್ಪಿಕೊಂಡವು: ಕೊಂಡಿ ಇದೆ, ಆದರೆ ಶಿಫಾರಸು ಇಲ್ಲ ಎಂಬುದು ಅದರ ಅರ್ಥ. ಹಣ ಪಡೆದು ನೀಡಿದ ಕೊಂಡಿಗೆ ‘ಸ್ಪಾನ್ಸರ್ಡ್’, ಓದುಗರೇ ಹಾಕಿದ ಕೊಂಡಿಗೆ ‘ಯುಜಿಸಿ’ ಎಂಬ ಗುರುತುಗಳನ್ನು ಗೂಗಲ್ 2019ರಲ್ಲಿ ಸೇರಿಸಿತು. 2012ರ ‘ಪೆಂಗ್ವಿನ್’ ಪರಿಷ್ಕರಣೆ ಕೃತಕ ಕೊಂಡಿಗಳನ್ನು ನೆಚ್ಚಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. 2016ರಿಂದ ಅದು ಅಂಥ ಕೊಂಡಿಗಳನ್ನು ಲೆಕ್ಕಕ್ಕೇ ಹಿಡಿಯದಿರುವ ಕ್ರಮ ಅನುಸರಿಸಿತು. ಅಂದರೆ ತೆತ್ತ ಹಣ ವ್ಯರ್ಥ.

ಸರಕಿನ ಗುಣ ಮಾರುವವನಿಗೆ ಮಾತ್ರ ತಿಳಿದಿರುವ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ತೋರಿಸಿದರು. ಲೇತ್ ಯಂತ್ರದ ನಿಖರತೆಯನ್ನು ಬಲ್ಲ ಮಾಲೀಕ ಕೊಂಡಿಯ ಯೋಗ್ಯತೆಯನ್ನು ಬಲ್ಲನೆಂದು ನಿರೀಕ್ಷಿಸಲಾಗದು.

ದೊಡ್ಡ ಸಂಸ್ಥೆಗಳಿಗೆ ಕೊಂಡಿಗಳು ತಾವಾಗಿಯೇ ದೊರೆಯುತ್ತವೆ, ಸಣ್ಣವರೇನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಾಮೂಹಿಕ ಪ್ರಯತ್ನದಲ್ಲಿದೆ. ಪೀಣ್ಯ ಕೈಗಾರಿಕೆಗಳ ಸಂಘ, ಕಾಸಿಯಾ, ಜಿಲ್ಲಾ ಕೈಗಾರಿಕಾ ಕೇಂದ್ರ ಇವುಗಳ ತಾಣಗಳಲ್ಲಿ ಪ್ರತಿ ಘಟಕದ ಹೆಸರು, ಅದು ತಯಾರಿಸುವ ವಸ್ತು, ಅದರ ಸ್ವಂತ ತಾಣಕ್ಕೆ ನೇರ ಕೊಂಡಿ ಇರಬೇಕು. ಮುಚ್ಚಿದ ಘಟಕಗಳನ್ನು ಕಾಲಕಾಲಕ್ಕೆ ಪಟ್ಟಿಯಿಂದ ತೆಗೆಯಬೇಕು. ಬಿಡಿಭಾಗ ಕೊಳ್ಳುವ ದೊಡ್ಡ ಕಾರ್ಖಾನೆಗಳೂ ತಮ್ಮ ಪೂರೈಕೆದಾರರನ್ನು ಹೆಸರಿಸಬಹುದು. ಘಟಕಗಳು ತಮ್ಮ ಪಾಲಿಗೆ, ಯಾವ ಲೋಹದಲ್ಲಿ ಎಷ್ಟು ಸೂಕ್ಷ್ಮ ಅಳತೆಯ ಕೆಲಸ ಮಾಡಬಲ್ಲೆವೆಂಬುದನ್ನು ತಾಣದಲ್ಲಿ ಸ್ಪಷ್ಟವಾಗಿ ಬರೆಯಲಿ. ಹೀಗೆ ದೊರೆತ ಹತ್ತು ಕೊಂಡಿಗಳು, ಕೊಂಡುತಂದ ಸಾವಿರಕ್ಕಿಂತ ಹೆಚ್ಚು ಬಾಳುತ್ತವೆ.