ವಿಡಿಯೊ ತರಗತಿಯ ಬಾಗಿಲಲ್ಲಿ ಗುರುತು ಕೇಳುವವರು ಯಾರು?

ಇಂದಿನದು ವಿಜ್ಞಾನದ ಯುಗವೆಂದು ಹೇಳುವುದು ವಾಡಿಕೆ. ಆದರೆ ವಿಜ್ಞಾನವು ಕಂಡುಹಿಡಿದುದು ಹತ್ತು ಜನರ ನಡುವೆ ಬಳಕೆಗೆ ಬರಬೇಕಾದರೆ ಮೊದಲು ಒಪ್ಪಂದವಾಗಬೇಕೆಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ತಂತಿ ಸಂದೇಶದ ಕಥೆಯನ್ನೇ ನೋಡೋಣ. 1850ರ ಸುಮಾರಿಗೆ ಯುರೋಪಿನಲ್ಲಿ ಒಂದು ದೇಶದ ತಂತಿ ಗಡಿಯಲ್ಲಿ ನಿಲ್ಲುತ್ತಿತ್ತು. ಸ್ಟ್ರಾಸ್‌ಬರ್ಗ್ ನಗರದಲ್ಲಿ ಫ್ರಾನ್ಸಿನ ನೌಕರನು ಪ್ಯಾರಿಸ್ಸಿನಿಂದ ಬಂದ ಸಂದೇಶವನ್ನು ಕಾಗದಕ್ಕಿಳಿಸಿ ಜರ್ಮನ್ ನೌಕರನ ಕೈಗೆ ಕೊಡುತ್ತಿದ್ದನು. ಅವನು ಅದನ್ನು ಮತ್ತೆ ತಂತಿಯ ಮೂಲಕ ಮುಂದಕ್ಕೆ ಕಳುಹಿಸುತ್ತಿದ್ದನು. 1865ರಲ್ಲಿ 20 ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಕೂಡಿ ಸಮಾನ ನಿಯಮಗಳಿಗೆ ಸಹಿ ಹಾಕಿದವು. ಇಂದಿನ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹುಟ್ಟಿದ್ದು ಹಾಗೆ. ಗಡಿಯಲ್ಲಿ ಬಾಳುವ ನಮಗೆ ಆ ಇಬ್ಬರು ನೌಕರರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ!

ಈಗ ವಿಡಿಯೊ ತರಗತಿಗೆ ಬರೋಣ. ಒಂದು ಕಂಪೆನಿಯ ಸಿಮ್ಮಿನಿಂದ ಇನ್ನೊಂದು ಕಂಪೆನಿಯ ಸಿಮ್ಮಿಗೆ ಮಾತನಾಡಲು ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆದರೆ ಒಂದು ಕಂಪೆನಿಯ ಆ್ಯಪಿನಿಂದ ಇನ್ನೊಂದರ ವಿಡಿಯೊ ಸಭೆಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ನಿಯಮಗಳ ಕೊರತೆಯೇ? ಅಲ್ಲ. 1996ರಲ್ಲಿ ಅದೇ ಒಕ್ಕೂಟವು ‘ಎಚ್.323’ ಎಂಬ ಮಾನಕವನ್ನು ಒಪ್ಪಿತು. 1999ರಲ್ಲಿ ‘ಸಿಪ್’ ಬಂದಿತು. 2021ರಲ್ಲಿ ‘ವೆಬ್‌ಆರ್‌ಟಿಸಿ’ಯು ವಿಶ್ವವ್ಯಾಪಿ ಜಾಲ ಒಕ್ಕೂಟದ ಮನ್ನಣೆ ಪಡೆಯಿತು. ಈ ಕೊನೆಯದು ಚಿತ್ರ, ಧ್ವನಿಗಳನ್ನು ಬ್ರೌಸರಿನಲ್ಲೇ ಸಾಗಿಸುವ ಬಗೆಯನ್ನು ನಿಗದಿಪಡಿಸಿದೆ. ಯಾರು ಯಾರನ್ನು ಹೇಗೆ ಕರೆಯಬೇಕೆಂಬುದನ್ನು ಮಾತ್ರ ಆಯಾ ಸೇವೆಯವರಿಗೆ ಬಿಟ್ಟಿದೆ. ಆ ಒಂದು ಸಂದಿನಲ್ಲಿ ಕಂಪೆನಿಗಳು ತಮ್ಮ ತಮ್ಮ ಬೇಲಿ ಹಾಕಿಕೊಂಡವು.

ಬೇಲಿಯಿದ್ದರೆ ಸುರಕ್ಷಿತವಲ್ಲವೇ ಎಂದು ಹೆತ್ತವರು ಕೇಳಬಹುದು. 2020ರ ಕೊರೋನಾ ದಿನಗಳನ್ನು ನೆನೆಯಿರಿ. ಲಿಂಕ್ ಯಾರ ಕೈಯಲ್ಲಿದೆಯೋ ಅವನೇ ವಿದ್ಯಾರ್ಥಿ ಎಂಬಂತಾಗಿತ್ತು. ಹಾಜರಿ ಕರೆಯುವ ಹೊತ್ತಿಗೆ ಹುಡುಗಿಯ ಹೆಸರಿಟ್ಟುಕೊಂಡು ಅಪರಿಚಿತನೊಬ್ಬ ಕುಳಿತಿದ್ದರೆ ಶಿಕ್ಷಕರಿಗೆ ತಿಳಿಯುವುದಾದರೂ ಹೇಗೆ? ಅನೇಕ ದೇಶಗಳ ತರಗತಿಗಳಿಗೆ ಹೊರಗಿನವರು ನುಗ್ಗಿದರು. ಅದೇ ಏಪ್ರಿಲಿನಲ್ಲಿ ನಮ್ಮ ಕೇಂದ್ರ ಗೃಹ ಇಲಾಖೆಯೂ ಝೂಮ್ ಬಳಸುವವರಿಗೆ ಎಚ್ಚರಿಕೆ ನೀಡಬೇಕಾಯಿತು.

ಇದಕ್ಕೆ ಪರಿಹಾರವು ನಮ್ಮ ಶಾಲೆಯ ಕಪಾಟಿನಲ್ಲೇ ಇದೆ. ಹತ್ತನೆಯ ತರಗತಿ ಮುಗಿಸಿ ಮಂಗಳೂರಿನ ಕಾಲೇಜಿಗೆ ಸೇರುವ ಕಾಸರಗೋಡಿನ ಹುಡುಗನನ್ನು ಅಲ್ಲಿಯ ಪ್ರಾಂಶುಪಾಲರು ಹಿಂದೆಂದೂ ಕಂಡವರಲ್ಲ. ಆದರೂ ಸೇರಿಸಿಕೊಳ್ಳುತ್ತಾರೆ. ಏಕೆ? ಅವನ ಟಿ.ಸಿ.ಯಲ್ಲಿ ಮುಖ್ಯೋಪಾಧ್ಯಾಯರ ಸಹಿ, ಮೊಹರುಗಳಿವೆ. ಅವನನ್ನು ಬಲ್ಲವರು ಸಾಕ್ಷಿ ಹೇಳುತ್ತಾರೆ. ಕೇಳುವವರು ಆ ಸಾಕ್ಷಿಯನ್ನು ನಂಬುತ್ತಾರೆ. ತಾಂತ್ರಿಕರು ‘ಫೆಡರೇಷನ್’ ಎನ್ನುವುದು ಇದನ್ನೇ. 2002ರಲ್ಲಿ ಯುರೋಪಿನಲ್ಲಿ ಮೊಳೆತ ‘ಎಡುರೋಮ್’ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯು ಪರವೂರಿನ ವಿಶ್ವವಿದ್ಯಾನಿಲಯದ ವೈ-ಫೈಗೆ ತನ್ನ ಊರಿನ ಗುರುತಿನಿಂದಲೇ ಸೇರಬಹುದು. ಪಾಸ್‌ವರ್ಡನ್ನು ಪರಿಶೀಲಿಸುವುದು ಅವನ ಸ್ವಂತ ಸಂಸ್ಥೆ. ಅತಿಥೇಯರಿಗೆ ತಲುಪುವುದು ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ. ನಮ್ಮ ದೇಶದಲ್ಲಿಯೂ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿಶ್ವವಿದ್ಯಾನಿಲಯಗಳಿಗಾಗಿ ‘ಇನ್‌ಫೆಡ್’ ಎಂಬ ಒಕ್ಕೂಟವನ್ನು ನಡೆಸುತ್ತಿದೆ.

ಕಾಲೇಜುಗಳಿಗೆ ದೊರೆತ ಈ ಅನುಕೂಲವು ಹೈಸ್ಕೂಲಿನ ಮಕ್ಕಳಿಗೆ ಏಕೆ ಬೇಡ? ಅವರ ಹೆಸರು, ಮನೆಯ ಫೋನ್ ನಂಬರು ಹೊಸ ಹೊಸ ಕಂಪೆನಿಗಳ ಪಾಲಾಗುವುದು ಸರಿಯಲ್ಲವೆಂದು ನಾವು ಒತ್ತಿ ಹೇಳುತ್ತೇವೆ. ಕನ್ನಡ ಮಾಧ್ಯಮದ ಶಾಲೆಗಳು ಗಡಿಯ ಉದ್ದಕ್ಕೂ ಚದುರಿವೆ. ತಾಳವಾಡಿಯ ಮಕ್ಕಳೂ ಅಕ್ಕಲಕೋಟೆಯ ಮಕ್ಕಳೂ ಒಂದೇ ಕನ್ನಡ ಪಾಠಕ್ಕೆ ಕುಳಿತುಕೊಳ್ಳಬೇಕಾದರೆ ಮೂರು ರಾಜ್ಯಗಳ ಶಾಲೆಗಳು ಒಂದೇ ಕಂಪೆನಿಗೆ ಗಂಟುಬೀಳುವುದು ನಡೆಯದ ಮಾತು. ಪ್ರತಿ ಶಾಲೆಯೂ ತನ್ನ ಮಕ್ಕಳಿಗೆ ತಾನೇ ಸಾಕ್ಷಿಯಾದರೆ ಸಾಕು.

ಲಿಂಕ್ ಒತ್ತುವುದು ಸುಲಭ, ನಿಜ. ಒಂದೇ ಫೋನನ್ನು ಮೂವರು ಮಕ್ಕಳು ಹಂಚಿಕೊಳ್ಳುವ ಮನೆಯಲ್ಲಿ ಇನ್ನೊಂದು ಪಾಸ್‌ವರ್ಡ್ ಎಂದರೆ ತಾಯಿಗೆ ತಲೆನೋವೇ ಸರಿ. ಆದುದರಿಂದಲೇ ಎಲ್ಲ ಕಡೆಗೂ ಸಲ್ಲುವ ಒಂದೇ ಗುರುತು ಬೇಕೆನ್ನುತ್ತೇವೆ. ಯುರೋಪಿಯನ್ ಒಕ್ಕೂಟವು 2022ರ ಕಾನೂನಿನಲ್ಲಿ, ದೊಡ್ಡ ಸಂದೇಶ ಸೇವೆಗಳು ಕೇಳಿದ ಇತರ ಸೇವೆಗಳಿಗೆ ತೆರೆದುಕೊಳ್ಳಬೇಕೆಂದು ವಿಧಿಸಿದೆ. ವಿಡಿಯೊ ಕರೆಗಳಿಗೂ ಗಡುವು ಹಾಕಿದೆ.

ಇನ್ನು ಮುಂದೆ ಶಾಲೆಗೆ ಯಾವುದೇ ವಿಡಿಯೊ ಸೇವೆಯನ್ನು ಕೊಳ್ಳುವ ಮಾತು ಬಂದಾಗ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹೆತ್ತವರು ಎದ್ದುನಿಂತು ಎರಡು ಪ್ರಶ್ನೆ ಕೇಳಲಿ: ಇದರೊಳಗೆ ಬೇರೆ ಸೇವೆಯವರೂ ಬರಬಹುದೇ? ಮಗುವಿನ ಗುರುತಿಗೆ ಸಾಕ್ಷಿ ಹೇಳುವವರು ನಮ್ಮ ಶಾಲೆಯವರೋ, ಕಂಪೆನಿಯವರೋ?