ಹಳೇ ಗೇಮಿಗೆ ದುಡ್ಡು ಕೊಡಬೇಕಾ? ಕೊಟ್ಟರೆ ಯಾವುದಕ್ಕೆ?

‘ಗೇಮಿಗೆ ದುಡ್ಡು ಕೊಡೂದ ದಂಡ, ಅದರಾಗ ಹಳೇ ಗೇಮಿಗೆ ಯಾರ ಕೊಡ್ತಾರ?’ ನಮ್ಮ ಗುಳೇದಗುಡ್ಡದ ಕಡೆ ಈ ಮಾತು ಸಾಮಾನ್ಯ. ನಾವು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕೆಲವು ಹಳೇ ಗೇಮಿಗೆ ಒಮ್ಮೆ ದುಡ್ಡು ಕೊಡುವುದು ‘ಫ್ರೀ’ ಅನ್ನುವ ಹೊಸ ಗೇಮಿಗಿಂತ ಅಗ್ಗ ಬೀಳುತ್ತದೆ. ಫ್ರೀ ಗೇಮ್ ಮೊದಲು ಆಡಿಸುತ್ತದೆ, ಆಮೇಲೆ ಕಾಯಿನ್, ಡೈಮಂಡ್, ಬಟ್ಟೆ, ಬಂದೂಕು ಅಂತ ದಿನಾ ಕೈ ಚಾಚುತ್ತದೆ.

ಹಳೇದಕ್ಕೆ ಯಾಕೆ ಬೆಲೆ? ನಮ್ಮ ಖಣವನ್ನೇ ನೋಡಿ. ತೇರು, ಆನೆ ಹೆಜ್ಜೆ ಇವೆಲ್ಲ ಹಿರಿಯರ ಕಾಲದ ವಿನ್ಯಾಸ. ಆದರೂ ಖಣಕ್ಕೆ ನಾವು ದುಡ್ಡು ಕೊಡುತ್ತೇವೆ, ಯಾಕೆಂದರೆ ಇವತ್ತು ಮಗ್ಗದ ಮುಂದೆ ಕೂತು ಒಬ್ಬರು ನೇಯ್ದಿದ್ದಾರೆ. ಗೇಮಿಗೂ ಇದೇ ಲೆಕ್ಕ ಹಾಕಬೇಕು. ಈಗಿನ ಫೋನಿನಲ್ಲಿ ನಡೆಯುವಂತೆ ಯಾರಾದರೂ ಅದನ್ನು ಇನ್ನೂ ದುರಸ್ತಿ ಮಾಡುತ್ತಿದ್ದಾರಾ? ಹೌದಾದರೆ ಕೊಡಿ, ಇಲ್ಲವಾದರೆ ಬೇಡ.

ನಮ್ಮ ಪ್ರಕಾರ ಎರಡು ಗೇಮ್ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಒಂದು ಮೈನ್‌ಕ್ರಾಫ್ಟ್. 2011ರಲ್ಲಿ ಮೊಬೈಲಿಗೆ ಬಂದದ್ದು, ಇವತ್ತಿಗೂ ಅಪ್‌ಡೇಟ್ ಬರುತ್ತದೆ. ಒಳಗೆ ಅಂಗಡಿ ಇದೆ ನಿಜ, ಅಲ್ಲಿ ಏನೂ ಕೊಳ್ಳದಿದ್ದರೂ ಆಟ ಪೂರ್ತಿ ಸಿಗುತ್ತದೆ. ಇನ್ನೊಂದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ಮಾಡಿದ ಹೊಲದ ಆಟ, 2016ರದ್ದು, 2019ರಲ್ಲಿ ಆಂಡ್ರಾಯ್ಡಿಗೆ ಬಂತು. ಜಾಹೀರಾತಿಲ್ಲ, ಮತ್ತೆ ಮತ್ತೆ ದುಡ್ಡು ಕೇಳುವುದಿಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಕೊರತೆ ಒಂದೇ: ಕನ್ನಡವಿಲ್ಲ, ಓದುವುದು ಬಹಳ ಇದೆ. ಇಂಗ್ಲಿಷ್ ಓದಲು ಬಾರದ ಮಕ್ಕಳಿಗೆ ಕೊಡಿಸಿದರೆ ದುಡ್ಡು ದಂಡವೇ.

ಹುಡುಗರ ಬಾಯಲ್ಲಿರುವ ಜಿಟಿಎ ವೈಸ್ ಸಿಟಿ 2002ರದ್ದು, ಮೊಬೈಲಿಗೆ ಬಂದದ್ದು 2012ರಲ್ಲಿ. ಅದು ದೊಡ್ಡವರ ಗೇಮ್. ಶಾಲೆ ಮಕ್ಕಳಿಗೆ ಫ್ರೀ ಸಿಕ್ಕರೂ ಬೇಡ.

ಮಾರಿಯೋ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಹುಷಾರು. 1985ರ ಆ ಹಳೇ ಸೂಪರ್ ಮಾರಿಯೋವನ್ನು ನಿಂಟೆಂಡೊ ಕಂಪನಿ ಆಂಡ್ರಾಯ್ಡಿಗೆ ಬಿಟ್ಟೇ ಇಲ್ಲ. ಅದು ಬಿಟ್ಟದ್ದು ಸೂಪರ್ ಮಾರಿಯೋ ರನ್, ಅದು ಬೇರೆ ಆಟ. ಜಾತ್ರೆಯಲ್ಲಿ ಸಿಗುವ ‘9999 ಇನ್ 1’ ಡಬ್ಬಿಯ ಕಥೆಯೂ ಗೊತ್ತಿದ್ದದ್ದೇ: ಹತ್ತಿಪ್ಪತ್ತು ಆಟ, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ.

ದುಡ್ಡಿನ ಗೇಮನ್ನು ವಾಟ್ಸಾಪಿನಲ್ಲಿ ‘ಫ್ರೀ ಎಪಿಕೆ’ ಅಂತ ಕಳಿಸುವವರಿದ್ದಾರೆ. ಮದುವೆ ಕರೆಯೋಲೆ ಹೆಸರಿನಲ್ಲಿ ಎಪಿಕೆ ಕಳಿಸಿ ಬ್ಯಾಂಕ್ ಖಾತೆಗೆ ಕೈ ಹಾಕುವ ಮೋಸವೂ ಇದೇ ದಾರಿಯಲ್ಲಿ ಬರುತ್ತದೆ. ನಮ್ಮ ಮನೆಗಳಲ್ಲಿ ಮಗುವಿನ ಗೇಮೂ ಅಪ್ಪನ ಫೋನ್‌ಪೇಯೂ ಒಂದೇ ಫೋನಿನಲ್ಲಿವೆ. ಗೇಮಿನ ದುಡ್ಡು ಉಳಿಸಲು ಹೋಗಿ ವಾರದ ಕೂಲಿ ಕಳೆದುಕೊಳ್ಳಬೇಡಿ.

ಕೊಳ್ಳುವ ಮೊದಲು ಪ್ಲೇ ಸ್ಟೋರಿನಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ವರ್ಷಗಳಿಂದ ಆಗಿಲ್ಲದಿದ್ದರೆ ಹೊಸ ಫೋನಿನಲ್ಲಿ ತೆರೆಯದೇ ಇರಬಹುದು. ಕೊಂಡ ಕೂಡಲೇ ಆಡಿ ನೋಡಿ. ನಡೆಯದಿದ್ದರೆ 48 ಗಂಟೆಯೊಳಗೆ ದುಡ್ಡು ವಾಪಸ್ ಕೇಳಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಇಡಿ, ಆ ಪಾಸ್‌ವರ್ಡ್ ಮಕ್ಕಳಿಗೆ ಗೊತ್ತಾಗದಿರಲಿ.

ವರ್ಷಕ್ಕೆ ಒಂದೇ ಗೇಮ್, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರಿಸಿ ಕೊಡಿಸಿ. ದುಡಿದವರಿಗೆ ಕೂಲಿ ಸಲ್ಲಬೇಕು ಅನ್ನುವುದು ನೇಕಾರರ ಊರಿನ ಮಕ್ಕಳಿಗೆ ಬೇಗ ತಿಳಿಯುತ್ತದೆ.