ಹೊಲ-ಮನೆ: ಬಿದ್ದ ಮಳೆ ಬಿದ್ದಲ್ಲಿಯೇ

ವಿಜಯಪುರದ ಕಡೆಯ ವಾಚಕಿಯೊಬ್ಬರು ಬರೆಯುತ್ತಾರೆ: “ನಮ್ಮದು ಎಂಟು ಎಕರೆ ಎರೆಹೊಲ. ಎರಡು ಕೊಳವೆಬಾವಿಗಳನ್ನು ಕೊರೆಸಿದೆವು; ಎರಡೂ ಬತ್ತಿದವು. ಮೂರನೆಯದಕ್ಕಾಗಿ ನನ್ನ ಬಂಗಾರವನ್ನು ಒತ್ತೆಯಿಡಬೇಕೆಂದು ಯಜಮಾನರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?”

ಸೋದರಿ, ನೆಲದಾಳದ ನೀರಿನ ವಿಷಯದಲ್ಲಿ ನಾವು ಆಡುವ ಮಾತು ಬರಿಯ ಊಹೆಯಾದೀತು. ಆದರೆ ಮೇಲಿನಿಂದ ಬೀಳುವ ನೀರಿನ ಲೆಕ್ಕವನ್ನು ಹೇಳಬಲ್ಲೆವು. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ತಮ್ಮ ಎಂಟು ಎಕರೆಗೆ 8 ಲಕ್ಷವಾಯಿತು. ಅದರಲ್ಲಿ ಹೊಲದಲ್ಲಿ ಉಳಿದುದೆಷ್ಟು, ಹಳ್ಳದ ಪಾಲಾದುದೆಷ್ಟು ಎಂಬುದನ್ನು ವಿಚಾರಿಸಿ ನೋಡಿರಿ.

ಎರೆಮಣ್ಣು ನೆನೆದೊಡನೆ ಉಬ್ಬಿ, ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುವುದು. ಆಮೇಲೆ ಬಹು ಮೆಲ್ಲಗೆ ನೀರು ಕುಡಿಯುವುದು. ರಭಸದ ಮಳೆಯಾದರೋ ಕಾಯದು. ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಇಳಿಜಾರು ಹಿಡಿಯುವುದು. ಆದರೆ ಒಮ್ಮೆ ಕುಡಿದ ನೀರನ್ನು ಈ ಮಣ್ಣು ತಿಂಗಳುಗಟ್ಟಲೆ ಕಾದಿಡುವುದು. ಹಿಂಗಾರಿ ಬಿಳಿಜೋಳವು ಬದುಕುವುದು ಈ ಹಸಿಯ ಬಲದಿಂದಲೇ. ಆದುದರಿಂದ ಹೊಲವೇ ನಮ್ಮ ಮೊದಲನೆಯ ಕೆರೆಯೆಂದು ತಿಳಿಯತಕ್ಕದ್ದು.

ಆ ಕೆರೆಯನ್ನು ತುಂಬಿಸುವ ಬಗೆ ಹೀಗೆ: ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿಸಿರಿ, ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿಯನ್ನು ಮರೆಯದಿರಿ. ಕೋಡಿಯಿಲ್ಲದ ಒಡ್ಡು ದೊಡ್ಡ ಮಳೆಗೆ ಒಡೆಯುವುದು. ಜೂನ್-ಜುಲೈ ತಿಂಗಳಲ್ಲಿ ಹೊಲವನ್ನು ಸುಮಾರು 4 ಮೀಟರ್ ಅಳತೆಯ ಚೌಕು ಮಡಿಗಳಾಗಿ ಮಾಡಿ ಮಳೆಯನ್ನು ನಿಲ್ಲಿಸಿರಿ. ಬಿತ್ತನೆಯ ಮುಂಚೆ ಹರಗಿ ಸಮ ಮಾಡಿದರಾಯಿತು. ಕುಂಟೆ, ಕೂರಿಗೆಗಳು ಸಹ ಇಳಿಜಾರಿಗೆ ಅಡ್ಡಲಾಗಿಯೇ ನಡೆಯಲಿ. ಪೈರು ಬಂದ ಮೇಲೆ ಎಡೆಕುಂಟೆ ಹೊಡೆಯಲು ಆಲಸ್ಯ ಸಲ್ಲದು. ಅದರಿಂದ ನೀರು ಕದಿಯುವ ಕಸವೂ ಹೋಗುವುದು, ಹಸಿ ಆರಿಹೋಗುವ ಬಿರುಕೂ ಮುಚ್ಚುವುದು.

ಇದು ನಮ್ಮ ಹೊಸ ಕಲ್ಪನೆಯಲ್ಲ. 1930ರ ದಶಕದಲ್ಲಿ ಬರಗಾಲದ ಸೀಮೆಗಳಿಗಾಗಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಒಡ್ಡು ಹಾಕುವುದು, ವಿರಳವಾಗಿ ಬಿತ್ತುವುದು, ಮೇಲಿಂದ ಮೇಲೆ ಹರಗುವುದು, ಇವೇ ಆಗ ಒಕ್ಕಲಿಗರಿಗೆ ದೊರೆತ ಮುಖ್ಯ ಸಲಹೆಗಳು.

ಮಳೆಯೇ ಬಾರದ ವರುಷದಲ್ಲಿ ಯಾವ ಒಡ್ಡೂ ನೀರನ್ನು ಹುಟ್ಟಿಸಲಾರದೆಂಬುದು ದಿಟ. ಆದರೆ ಅರೆಮಳೆಯ ವರುಷದಲ್ಲಿ ಕಾಳು ಕಟ್ಟುವುದೂ ಕಟ್ಟದಿರುವುದೂ ಈ ಹಸಿಯ ಮೇಲೆಯೇ ನಿಂತಿರುವುದು.

ಸೋದರಿ, ಬಂಗಾರವು ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇರಲಿ. ಮುಂದಿನ ಮಳೆಗಾಲಕ್ಕೆ ಎರಡು ಎಕರೆಯಲ್ಲಿ ಮಾತ್ರ ಹೀಗೆ ಮಾಡಿಸಿರಿ. ಉಳಿದುದು ಎಂದಿನಂತೆ ಇರಲಿ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೋದಾಗ ಎರಡೂ ಕಡೆಯ ಜೋಳವನ್ನು ಯಜಮಾನರಿಗೆ ತೋರಿಸಿರಿ. ಮೂರನೆಯ ಬಾವಿಯ ಮಾತನ್ನು ಆ ಮೇಲೆ ಇಬ್ಬರೂ ಕೂಡಿ ಆಡಬಹುದು.